ಹಳದಿ ಬೂದಿ

ಪಾತ್ರೆ ತಿಕ್ಕುತ್ತಿದ್ದ ಶಕೀಲಾಳ ಬೆರಳ ಸಂದಿಯಿಂದ ಹಳದಿ ನೀರು ಇಳಿಯುತ್ತಿತ್ತು. ಹಿತ್ತಲ ಬಾಗಿಲಲ್ಲಿ ಚಹಾದ ಲೋಟ ಹಿಡಿದು ನಿಂತಿದ್ದ ಸರ್ವಮಂಗಳ, ಆ ನೀರು ಕಲ್ಲುಚಪ್ಪಡಿಯ ಮೇಲಿಂದ ಹರಿದು ಮೋರಿಗೆ ಬೀಳುವುದನ್ನೇ ನೋಡಿದಳು. ಅರಿಸಿನ ಬೆರೆತ ನೀರಾಗಿದ್ದರೆ ಇಷ್ಟು ತಿಳಿಯಾಗಿ ಇರುತ್ತಿರಲಿಲ್ಲ. ಈ ಬಣ್ಣವನ್ನು ಅವಳು ಏಳು ವರ್ಷದಿಂದ ಬಲ್ಲಳು. ಇದನ್ನು ನೀರಿನಿಂದ ತೆಗೆಯುವುದಕ್ಕೇ ಅಲ್ಲವೇ ಅವಳು ಏಳು ವರ್ಷ ಒದ್ದಾಡಿದ್ದು!

"ಶಕೀಲಾ, ಯಾತರಲ್ಲಿ ತಿಕ್ತಿದೀಯಮ್ಮ?"

"ಬೂದಿ ಮೇಡಂ." ಶಕೀಲಾ ತಪ್ಪಲೆಯನ್ನು ಎತ್ತಿ ಬಿಸಿಲಿಗೆ ಹಿಡಿದಳು. "ನೋಡಿ, ಹೆಂಗ್ ಹೊಳೀತೈತೆ! ಅಂಗಡಿ ಪೌಡರ್ ಡಬ್ಬ ಡಬ್ಬ ಸುರಿದ್ರೂ ಹಿಂಗ್ ಬರಲ್ಲ."

"ಎಲ್ಲಿ ಬೂದಿ?"

"ನಮ್ಮ ಬಚ್ಚಲ ಒಲೇದು. ನಿಮ್ ಹುಣಸೆ ಸಿಪ್ಪೆನೇ ಈಗ ನಮಗೆ ಸೌದೆ. ಚೆನ್ನಾಗ್ ಒಣಗಿಸಿ ಹಾಕಿದ್ರೆ ಧಗಧಗಾ ಅಂತ ಉರೀತೈತೆ."

ಸರ್ವಮಂಗಳ ಲೋಟವನ್ನು ಕಿಟಕಿಯ ಮೇಲಿಟ್ಟಳು.

ಶಕೀಲಾಳ ಗಂಡ ಮುನಾವರ್ ಪಾಷಾನ ಪ್ಲೇಟಿಂಗ್ ಅಂಗಡಿ ತುಮಕೂರಿನ ಒಂದು ಇಕ್ಕಟ್ಟು ಬೀದಿಗೆ ಮುಖ ಮಾಡಿತ್ತು, ಮನೆ ಅದರ ಬೆನ್ನಿಗಿತ್ತು. ಸೈಕಲ್ ಹ್ಯಾಂಡಲ್ಲು, ಬೈಕಿನ ಸೈಲೆನ್ಸರು, ಬಚ್ಚಲ ನಲ್ಲಿ, ಏನೇ ತುಕ್ಕು ಹಿಡಿದದ್ದು ತಂದುಕೊಟ್ಟರೂ ಕ್ರೋಮಿನ ತೊಟ್ಟಿಗೆ ಇಳಿಸಿ ಕನ್ನಡಿಯ ಹಾಗೆ ಮಾಡಿಕೊಡುವವನು. ಹಾಗೆ ಎತ್ತಿದ ಸಾಮಾನು ತೊಳೆದ ನೀರು ಮೋರಿ ಸೇರಿ, ಕೆಳಗಿನ ಬೀದಿಯ ಬೋರ್‌ವೆಲ್ಲಿನಲ್ಲಿ ಹಳದಿಯಾಗಿ ಮೇಲೆದ್ದು ಬಂದಾಗ ಮಾಲಿನ್ಯ ಕಚೇರಿಯವರು ಬಂದು ಬಾಗಿಲಿಗೆ ನೋಟೀಸು ಅಂಟಿಸಿದ್ದರು. ನೀರು ಶುದ್ಧ ಮಾಡುವ ಯಂತ್ರ ಹಾಕು, ಇಲ್ಲವೇ ಬೀಗ ಹಾಕು. ಅಂಗಡಿ, ಮನೆ, ಮನೆಯೊಳಗಿನ ಜನ ಎಲ್ಲವನ್ನೂ ಮಾರಿದರೂ ಆ ಯಂತ್ರ ಬರುತ್ತಿರಲಿಲ್ಲ.

ಆಗ ಸಿಕ್ಕವಳು ಸರ್ವಮಂಗಳ. ಗುಬ್ಬಿ ಹತ್ತಿರದ ಹಳ್ಳಿಯಲ್ಲಿ ಹುಟ್ಟಿ, ತುಮಕೂರಿನ ಕಾಲೇಜೊಂದರಲ್ಲಿ ಹದಿನಾಲ್ಕು ವರ್ಷದಿಂದ ಕೆಮಿಸ್ಟ್ರಿ ಪಾಠ ಹೇಳುತ್ತಿದ್ದವಳು, ಪಿಎಚ್.ಡಿ.ಗೆಂದು ಹುಣಸೆ ಸಿಪ್ಪೆ ಹಿಡಿದುಕೊಂಡು ಕೂತಿದ್ದಳು. ಸುಗ್ಗಿಯಲ್ಲಿ ಹೆಂಗಸರು ಹುಣಸೆಹಣ್ಣು ಬಡಿದು ರಾಶಿ ರಾಶಿ ಬಿಸಾಡುವ ಸಿಪ್ಪೆಯನ್ನು ಪುಡಿ ಮಾಡಿ ಡ್ರಮ್ಮಿಗೆ ತುಂಬಿದರೆ ಅದು ನೀರಿನಲ್ಲಿರುವ ಕ್ರೋಮನ್ನು ಹಿಡಿದುಕೊಂಡುಬಿಡುತ್ತದೆ ಎನ್ನುವುದು ಅವಳ ಥೀಸಿಸ್ಸು. ಮುನಾವರನ ಅಂಗಡಿಯಲ್ಲಿ ಮೂರು ನೀಲಿ ಡ್ರಮ್ಮುಗಳನ್ನು ಸಾಲಾಗಿ ನಿಲ್ಲಿಸಿದಳು. ಒಂದನೆಯದಕ್ಕೆ ಹಳದಿ ನೀರು ಹೋಗುತ್ತಿತ್ತು, ಮೂರನೆಯದರಿಂದ ಎಳನೀರಿನಂಥ ನೀರು ಬರುತ್ತಿತ್ತು. ಮೊದಲ ದಿನ ಅದನ್ನು ಕಂಡ ಮುನಾವರ್ ಅಲ್ಲಿದ್ದವರಿಗೆಲ್ಲ, "ಫರಿಶ್ತಾ ಕಣ್ರಪ್ಪ ಈ ಯಮ್ಮ, ದೇವ್ರು ಕಳಿಸಿದ ದೂತೆ!" ಅಂದಿದ್ದ.

ಈಗ ಎರಡು ಸಾವಿರದ ಮೂರನೇ ಇಸವಿಯ ಮಾರ್ಚ್ ತಿಂಗಳು. ಇಪ್ಪತ್ತನೇ ತಾರೀಕು ಕಚೇರಿಯವರ ಕೊನೆಯ ತಪಾಸಣೆ. ಮೂವತ್ತೊಂದಕ್ಕೆ ಸರ್ವಮಂಗಳಳ ಥೀಸಿಸ್ ಒಪ್ಪಿಸುವ ಗಡುವು. ಎರಡು ಸಲ ಮುಂದೂಡಿಸಿಕೊಂಡಾಗಿತ್ತು, ಮೂರನೆಯ ಸಲ ಕೇಳುವ ಹಾಗಿರಲಿಲ್ಲ. ಇವತ್ತು ಕೊನೆಯ ಲೆಕ್ಕ ಬರೆದುಕೊಂಡು, ಎಲ್ಲ ಚೆನ್ನಾಗಿದೆ ಎಂದು ಹೇಳಿ, ಚಹಾ ಕುಡಿದು ಹೊರಟುಬಿಡಬೇಕೆಂದಿದ್ದಳು. ಹಿತ್ತಲಿಗೆ ಬರದೇ ಇದ್ದಿದ್ದರೆ ಹೊರಟೂ ಬಿಡುತ್ತಿದ್ದಳು.

ಚೀಲದಿಂದ ಪುಟ್ಟ ಸೀಸೆಗಳನ್ನು ತೆಗೆದಳು. ಒಂದು ಬಟ್ಟಲಲ್ಲಿ ಬೂದಿ ಕದಡಿದ ನೀರು ಹಿಡಿದು ಎರಡು ಹನಿ ಆಸಿಡ್ ಹಾಕಿದಳು. ಬೂದಿ ಸೊರ್ ಎಂದು ನೊರೆ ಉಕ್ಕಿಸಿತು. ಇನ್ನೆರಡು ಹನಿ ಹಾಕಿ, ನೊರೆ ಇಳಿದ ಮೇಲೆ ಇನ್ನೊಂದು ಸೀಸೆಯ ಔಷಧಿ ಬಿಟ್ಟಳು. ವಿಷದ ಕ್ರೋಮ್ ಇದ್ದರೆ ನೇರಳೆ ಬಣ್ಣ ಬರಬೇಕು. ಮೂರು ಡ್ರಮ್ಮು ದಾಟಿ ಬಂದ ನೀರಿಗೆ ಬೆಳಿಗ್ಗೆ ಇದನ್ನೇ ಹಾಕಿದ್ದಾಗ ಬಣ್ಣದ ಸುಳಿವೂ ಇರಲಿಲ್ಲ. ಈಗ ಬಟ್ಟಲು ಕಣ್ಣೆದುರೇ ಕಪ್ಪಿಗೆ ತಿರುಗಿತು, ಜಂಬುನೇರಳೆ ತಿಂದ ನಾಲಿಗೆಯ ಹಾಗೆ.

ಅಯ್ಯೋ ಶಿವನೇ! ಇದೇನು ಅವಳಿಗೆ ಗೊತ್ತಿಲ್ಲದ ವಿದ್ಯೆಯೇ? ಪ್ರತಿ ವರ್ಷ ಬಿ.ಎಸ್ಸಿ. ಮಕ್ಕಳಿಗೆ ಲ್ಯಾಬಿನಲ್ಲಿ ತೋರಿಸುತ್ತಿದ್ದಳು: ಸುಮ್ಮನೆ ಬಿದ್ದಿರುವ ಕ್ರೋಮನ್ನು ಕ್ಷಾರದ ಜೊತೆ ಚೆನ್ನಾಗಿ ಕಾಯಿಸಿ, ಹಳದಿಯಾಗುತ್ತದೆ, ಅದು ವಿಷದ ರೂಪ. ಸಿಪ್ಪೆ ಆ ವಿಷವನ್ನು ಹಿಡಿದು ತಣ್ಣಗೆ ಮಾಡಿ ಇಟ್ಟುಕೊಂಡಿತ್ತು. ಸಿಪ್ಪೆಯ ಬೂದಿಯೇ ಕ್ಷಾರ, ಒಲೆಯೇ ಬೆಂಕಿ. ಡ್ರಮ್ಮಿನಲ್ಲಿ ಅಡಗಿದ್ದನ್ನು ಬಚ್ಚಲ ಒಲೆ ಎಬ್ಬಿಸಿ ಕೂರಿಸಿತ್ತು. ನೀರು, ನೀರು ಎಂದು ಜಪ ಮಾಡುತ್ತ ಕೂತವಳಿಗೆ ಒಲೆಯೊಂದು ಕಾಣಲಿಲ್ಲ.

"ತಿಕ್ಕಬೇಡ, ಬಿಡು. ಕೈ ತೊಳ್ಕೊ ಮೊದಲು. ಇದರಲ್ಲಿ ಕ್ರೋಮ್ ಇದೆ ಶಕೀಲಾ, ವಿಷ ಇದೆ."

ಶಕೀಲಾಗೆ ತಕ್ಷಣ ಅರ್ಥವಾಗಲಿಲ್ಲ. ಅರ್ಥವಾದ ಮೇಲೆ ಮುಖ ಗಂಟಿಕ್ಕಿತು.

"ನೀವೇ ಹೇಳಿದ್ರಲ್ಲ ಮೇಡಂ. ಹೋದ್ ವರ್ಷ ನಾನು ಕೇಳ್ದೆ, ಈ ಹಳೇ ಸಿಪ್ಪೆ ಏನ್ ಮಾಡ್ಲಿ ಅಂತ. ಇದೇ ಜಾಗದಲ್ಲಿ ನಿಂತ್ಕೊಂಡು ಹೇಳಿದ್ರಿ, ಒಣಗಿಸಿ ಒಲೆಗೆ ಹಾಕು ಅಂತ."

ಹೇಳಿದ್ದು ನಿಜ. ಯೋಚನೆ ಮಾಡಿ ಹೇಳಿದ ಮಾತೂ ಅಲ್ಲ ಅದು. ಗುಬ್ಬಿ ಕಡೆ ಅವಳು ಹುಟ್ಟಿ ಬೆಳೆದ ಮನೆಯಲ್ಲಿ ಹುಣಸೆ ಸಿಪ್ಪೆ ಬಚ್ಚಲ ಒಲೆಗೆ, ಬೂದಿ ಪಾತ್ರೆಗೆ, ಮಿಕ್ಕ ಬೂದಿ ತಿಪ್ಪೆಗೆ. ಒಂದು ಚೂರೂ ದಂಡವಾಗಬಾರದು. ಅವ್ವ ಹೇಳಿದ್ದನ್ನೇ ಇವಳು ಶಕೀಲಾಗೆ ಹೇಳಿದ್ದಳು. ಅಷ್ಟೇ ಆಗಿದ್ದರೆ ಹೆಂಗಸರ ಮಾತು ಎನ್ನಬಹುದಿತ್ತು. ಥೀಸಿಸ್ಸಿನ ಕೊನೆಯ ಅಧ್ಯಾಯದಲ್ಲೂ ಅದನ್ನೇ ಇಂಗ್ಲಿಷಿನಲ್ಲಿ ಬರೆದಿದ್ದಳು: ಬಳಸಿದ ಸಿಪ್ಪೆ ಕೃಷಿತ್ಯಾಜ್ಯವಾದ್ದರಿಂದ ಅದನ್ನು ಸುಟ್ಟು ಸುಲಭವಾಗಿ ವಿಲೇವಾರಿ ಮಾಡಬಹುದು. ಅವಳು ಓದಿದ ಎಷ್ಟೋ ಲೇಖನಗಳಲ್ಲಿ ಅದು ಹಾಗೆಯೇ ಇತ್ತು. ಒಬ್ಬರನ್ನು ನೋಡಿ ಒಬ್ಬರು ಬರೆದುಕೊಂಡು ಬಂದಿದ್ದರು.

"ಕೈ ತೋರಿಸು," ಅಂದಳು.

ಶಕೀಲಾ ಸೆರಗಿನಲ್ಲಿ ಕೈ ಒರೆಸಿಕೊಂಡು ಚಾಚಿದಳು. ಬೆರಳ ಗೆಣ್ಣುಗಳ ಮೇಲೆ ಚರ್ಮ ಒಡೆದು ಕೆಂಪಗಾಗಿತ್ತು. ಬಲಗೈ ತೋರುಬೆರಳ ಬುಡದಲ್ಲಿ ಒಂದು ಹುಣ್ಣು, ಮೊಳೆ ಹೊಡೆದು ಕಿತ್ತ ಹಾಗೆ ದುಂಡಗೆ ಒಳಕ್ಕಿಳಿದಿತ್ತು.

"ಚಳಿಗಾಲ್ದಿಂದ ಐತೆ. ಸೋಪಿಂದು ಅನ್ಕೊಂಡಿದ್ದೆ," ಅಂದಳು ಶಕೀಲಾ. "ನೋವೇನಿಲ್ಲ."

ಅಷ್ಟರಲ್ಲಿ ಮುನಾವರ್ ಅಂಗಡಿಯಿಂದ ಒಳಗೆ ಬಂದ. ಬಟ್ಟಲಿನ ನೇರಳೆ ನೀರು, ಹೆಂಡತಿಯ ಚಾಚಿದ ಕೈ, ಮೇಡಂ ಮುಖ, ಮೂರನ್ನೂ ನೋಡಿದ. ಶಕೀಲಾಳ ಕೈಯನ್ನು ಹಿಡಿದು ಹತ್ತಿರ ತಂದುಕೊಂಡು ತನ್ನ ಕೈಯ ಪಕ್ಕ ಇಟ್ಟ. ಇಪ್ಪತ್ತು ವರ್ಷ ತೊಟ್ಟಿಯ ಮುಂದೆ ನಿಂತವನ ಬೆರಳುಗಳ ಮೇಲೆ ಅದೇ ದುಂಡನೆಯ ಗುರುತುಗಳು, ಒಣಗಿ ಬೆಳ್ಳಗಾಗಿದ್ದವು.

"ಇದು ನಮ್ ಅಂಗಡಿ ಹುಣ್ಣು," ಅಂದ ಮೆಲ್ಲಗೆ. "ನಮ್ಮಪ್ಪಂಗೂ ಇತ್ತು. ಇವಳು ಯಾವತ್ತೂ ತೊಟ್ಟಿ ಹತ್ರಕ್ಕೂ ಬಂದವಳಲ್ಲ ಮೇಡಮ್ಮೋರೆ. ನಾನು ಬಿಟ್ಟವನಲ್ಲ."

ಸರ್ವಮಂಗಳ ಎಲ್ಲವನ್ನೂ ಹೇಳಿದಳು. ತನ್ನದೇ ತಪ್ಪು ಎಂದಳು. ಅವನು ಬಯ್ಯಲಿ ಎಂದು ಕಾದಳು. ಬೈದಿದ್ದರೆ ಹಗುರಾಗುತ್ತಿತ್ತು.

"ನಾಳೆನೇ ಕಚೇರಿಗೆ ಹೋಗಿ ತಿಳಿಸಿಬಿಡ್ತೀನಿ ಪಾಷಾ. ಥೀಸಿಸ್ಸಲ್ಲೂ ಬರೀತೀನಿ."

ಮುನಾವರ್ ಹೆಂಡತಿಯ ಕೈ ಬಿಟ್ಟ. "ಬೇಡಿ."

"ಅಲ್ಲ ಪಾಷಾ, ಹೇಳದೆ ಹೆಂಗೆ?"

"ಹೇಳಿದ್ರೆ ಏನಾಯ್ತದೆ ನೀವೇ ಹೇಳಿ. ಡ್ರಮ್ಮೂ ಸರಿಯಿಲ್ಲ ಅಂತಾರೆ, ಬೀಗ ಹಾಕ್ತಾರೆ. ಅಂಗಡಿಲಿ ಆರು ಜನ ಅವ್ರೆ. ನನಗೆ ಇನ್ನೊಂದು ಕಸಬು ಬರಲ್ಲ. ನೀರು ಸರಿ ಹೋಗೈತಲ್ಲ? ಅದು ಸುಳ್ಳಲ್ವಲ್ಲ? ಸಿಪ್ಪೆ ಸುಡೋದು ಇವತ್ತಿಗೆ ಬಿಟ್ವಿ. ಮುಗೀತು. ನಮ್ ಹೊಟ್ಟೆ ಮೇಲೆ ಹೊಡೀಬೇಡಿ ಮೇಡಮ್ಮೋರೆ."

ಅವಳು ಶಕೀಲಾಳ ಕಡೆ ನೋಡಿದಳು. ಅವಳಾದರೂ ಹೇಳಿ ಎಂದಾಳು ಎಂದು ಆಸೆಯಿತ್ತು. ಶಕೀಲಾ ಎರಡೂ ಕೈಯನ್ನು ಸೆರಗಿನೊಳಕ್ಕೆ ಎಳೆದುಕೊಂಡಳು.

"ಅವರು ಹೇಳಿದ್ದೇ ಸರಿ ಮೇಡಂ. ನೀವು ಓದಿದೋರು, ಹೇಳ್ಬಿಟ್ಟು ಮನೆಗೆ ಹೋಗ್ತೀರ. ನಾವು ಎಲ್ಲಿಗೆ ಹೋಗೋಣ?" ಇನ್ನೇನೋ ನೆನಪಾದವಳ ಹಾಗೆ ಬೆಚ್ಚಿದಳು. "ಯಾ ಅಲ್ಲಾ! ಸುಬ್ಬಲಕ್ಷ್ಮಮ್ಮ!"

ಪಕ್ಕದ ಮನೆಯ ಸುಬ್ಬಲಕ್ಷ್ಮಮ್ಮ ಪ್ರತಿ ಶುಕ್ರವಾರ ಒಂದು ಡಬ್ಬ ಬೂದಿ ಒಯ್ಯುತ್ತಿದ್ದರು. ಮೂವರೂ ಒಟ್ಟಿಗೆ ಹೋದರೆ ಅನುಮಾನ ಬರುತ್ತಿತ್ತು, ಹೆಂಗಸರಿಬ್ಬರು ಹೋದರು. ಮುದುಕಿ ಜಗಲಿಯ ಮೇಲೆ ಅವರೆಕಾಯಿ ಬಿಡಿಸುತ್ತ ಕೂತಿದ್ದರು.

"ಅಜ್ಜಿ, ಆ ಬೂದಿ ವಾಪಸ್ ಕೊಡ್ರಿ," ಅಂದಳು ಶಕೀಲಾ. "ಇಲಿ ಪಾಷಾಣ ಬೆರೆತುಬಿಟ್ಟೈತೆ ಅದ್ರಲ್ಲಿ. ಈಗ ಗೊತ್ತಾಯ್ತು."

"ಅಯ್ಯಯ್ಯೋ, ನಿನ್ ಮನೆ ಕಾಯ್ವಾಗ! ನಾನು ಅದ್ರಲ್ಲೇ ಹಲ್ಲು ಉಜ್ಜೋದಲ್ವೇನೇ! ಅದಕ್ಕೇ ಇರ್ಬೇಕು, ಒಸಡೆಲ್ಲ ಉರಿ ಬಂದೈತೆ." ಮುದುಕಿ ಬಾಯಿ ತೆರೆದು ಬೆರಳಿಂದ ತುಟಿ ಎಳೆದು ತೋರಿಸಿದರು. ಮೇಲಿನ ಒಸಡು ಹಸಿಯಾಗಿತ್ತು. "ನೋಡವ್ವ, ನೀನು ಓದಿರೋಳು. ಸಾಯ್ತೀನೇನೇ ನಾನು?"

ಸರ್ವಮಂಗಳ ಬಗ್ಗಿ ನೋಡಿದಳು. ನಿಜ ಹೇಳಬೇಕಾದ ಜಾಗ ಅದೇ ಆಗಿತ್ತು. ಶಕೀಲಾ ಪಕ್ಕದಲ್ಲಿ ನಿಂತು ಅವಳ ಬಾಯನ್ನೇ ನೋಡುತ್ತಿದ್ದಳು.

"ಏನೂ ಆಗಲ್ಲ ಅಜ್ಜಿ. ಉಪ್ಪುನೀರಲ್ಲಿ ಬಾಯಿ ಮುಕ್ಕಳಿಸ್ತಾ ಇರಿ. ಡಾಕ್ಟ್ರ ಹತ್ರ ನಾನೇ ಕರ್ಕೊಂಡ್ ಹೋಗ್ತೀನಿ," ಅಂದಳು. ಡಬ್ಬ ತೆಗೆದುಕೊಂಡು ಹೊರಬಂದಳು. ಅಷ್ಟು ನಾಚಿಕೆ ಅವಳಿಗೆ ಹುಟ್ಟಿದಾಗಿನಿಂದ ಆಗಿರಲಿಲ್ಲ.

ಮಾರನೆಯ ದಿನ ಗೈಡ್ ದೊಡ್ಡರಂಗಯ್ಯನವರ ಕೋಣೆಯಲ್ಲಿ ಥೀಸಿಸ್ಸಿನ ಕೊನೆಯ ಪ್ರತಿ ಮೇಜಿನ ಮೇಲಿತ್ತು. ನಿವೃತ್ತಿಗೆ ಎರಡು ವರ್ಷವಿದ್ದ ದೊಡ್ಡರಂಗಯ್ಯ ಕೆಟ್ಟವರೇನಲ್ಲ. ಅವಳ ಏಳು ವರ್ಷದ ಜಗಳ, ಜ್ವರ, ಅತ್ತೆಯ ಕಾಯಿಲೆ ಎಲ್ಲವನ್ನೂ ಸಹಿಸಿಕೊಂಡು ಬಂದವರು. ಅವಳು ಹೇಳಿದ್ದನ್ನು ಕನ್ನಡಕ ತೆಗೆದಿಟ್ಟು ಪೂರ್ತಿ ಕೇಳಿದರು.

"ಸರ್ವಮಂಗಳಾ, ನಿಮ್ಮ ಥೀಸಿಸ್ಸು ನೀರಿನ ಮೇಲೆ ಕಣಮ್ಮ. ಬೂದಿ ಮೇಲಲ್ಲ."

"ಕೊನೇ ಅಧ್ಯಾಯದಲ್ಲಿ ಸುಡಬಹುದು ಅಂತ ಬರೆದಿದೀನಲ್ಲ ಸರ್."

"ಎಲ್ಲರೂ ಬರೆದವ್ರೆ. ಬೂದಿ ವಿಷಯ ಎತ್ತಿದ್ರೆ ಇನ್ನೊಂದು ಅಧ್ಯಾಯ ಬೇಕು, ಆರು ತಿಂಗಳು ಪ್ರಯೋಗ ಬೇಕು. ನಿಮ್ಮ ಹತ್ರ ಇರೋದು ಹದಿನೈದು ದಿನ. ರಿಜಿಸ್ಟ್ರೇಷನ್ ಹೋಯ್ತು ಅಂದ್ರೆ ಏಳು ವರ್ಷವೂ ಹೋಯ್ತು. ಕಾಲೇಜಲ್ಲಿ ನಿಮ್ಮ ಜೂನಿಯರ್ ಹುಡುಗ ಹೋದ್ ವರ್ಷವೇ ಮುಗಿಸಿ ನಿಮ್ಮ ತಲೆ ಮೇಲೆ ಬಂದು ಕೂತವ್ನೆ." ಅವರು ಕನ್ನಡಕ ಹಾಕಿಕೊಂಡರು. "ಅಷ್ಟೊಂದು ಮನಸ್ಸು ಚುಚ್ತಾ ಇದ್ರೆ ಆ ಒಂದು ವಾಕ್ಯ ಬದಲಾಯಿಸಿ. ಸುಡೋ ಬದಲು ಸುರಕ್ಷಿತ ಜಾಗದಲ್ಲಿ ಶೇಖರಿಸಿಡಬೇಕು ಅಂತ ಬರೀರಿ. ಒಂದು ಪುಟ ಟೈಪ್ ಮಾಡ್ಸಿದ್ರೆ ಆಯ್ತು."

"ಯಾವ ಜಾಗ ಸರ್?"

"ಅದು ಸರ್ಕಾರದ ಕೆಲಸ," ಅಂದರು ದೊಡ್ಡರಂಗಯ್ಯ.

ಅವಳು ಆ ಪುಟ ಬದಲಾಯಿಸಿದಳು. ಟೈಪಿಂಗ್ ಅಂಗಡಿಯಲ್ಲಿ ಕೂತು, ಬಿಸಿ ಬಿಸಿ ಹಾಳೆ ಕೈಗೆ ಬಂದಾಗ ಸ್ವಲ್ಪ ನೆಮ್ಮದಿಯಾಯಿತೆಂದೇ ಹೇಳಬೇಕು. ಕನಿಷ್ಠ ಸುಳ್ಳು ಬರೆಯಲಿಲ್ಲ. ಇನ್ನು ಯಾರೂ ಇದನ್ನು ಓದಿ ಒಲೆಗೆ ಹಾಕುವುದಿಲ್ಲ. ಮನುಷ್ಯನಿಗೆ ಸಮಾಧಾನ ಬೇಕೆಂದರೆ ಒಂದು ಹಾಳೆ ಸಾಕು.

ಇಪ್ಪತ್ತನೇ ತಾರೀಕು ಕಚೇರಿಯ ಓಬಳಯ್ಯ ಬಂದರು. ಕಟ್ಟುನಿಟ್ಟಿನ ಮನುಷ್ಯ, ಚಹಾವನ್ನೂ ಮುಟ್ಟಲಿಲ್ಲ. ಮೂರನೆಯ ಡ್ರಮ್ಮಿನ ನೀರನ್ನು ತಾವೇ ಹಿಡಿದು ತಾವೇ ಪರೀಕ್ಷೆ ಮಾಡಿ, ಎರಡು ಸಲ ಮಾಡಿ, ತಲೆದೂಗಿದರು. ಬಾಗಿಲ ಮರೆಯಲ್ಲಿ ನಿಂತಿದ್ದ ಶಕೀಲಾ ಉದ್ದ ತೋಳಿನ ರವಿಕೆ ಹಾಕಿ, ಕೈಗೆ ಬಟ್ಟೆ ಸುತ್ತಿಕೊಂಡಿದ್ದಳು. ಮುನಾವರ್ ಉಸಿರು ಬಿಡಲು ಶುರು ಮಾಡಿದ್ದ.

"ಭೇಷ್," ಅಂದರು ಓಬಳಯ್ಯ. "ಹುಣಸೆ ಸಿಪ್ಪೆಲಿ! ದುಡ್ಡಿಲ್ಲದೋನಿಗೆ ದೇವರೇ ದಾರಿ ತೋರಿಸ್ದಂಗಾಯ್ತು. ಸರಿ, ಹಳೇ ಸಿಪ್ಪೆ ಏನ್ ಮಾಡ್ತೀರಿ?"

ಮುನಾವರ್ ಸರ್ವಮಂಗಳಳ ಕಡೆ ನೋಡಿದ.

"ಸುರಕ್ಷಿತವಾಗಿ ಶೇಖರಿಸಿಡ್ತೀವಿ ಸರ್," ಅಂದಳು ಅವಳು.

"ಎಲ್ಲಿ? ಇಲ್ಲಿ ಕಾಲಿಡೋಕೂ ಜಾಗ ಇಲ್ಲ. ಮನೆ ಬೇರೆ ಪಕ್ಕದಲ್ಲೇ ಐತೆ. ಇಲ್ಲಿ ಇಟ್ಕೊಳೋದಾದ್ರೆ ನಾನು ಸೈನ್ ಹಾಕಲ್ಲ." ಓಬಳಯ್ಯ ಪೆನ್ನಿನ ಮುಚ್ಚಳ ಹಾಕಿದರು. "ಇಂಥದ್ದನ್ನ ಹೂಳೋಕೆ ಸರ್ಕಾರದೋರು ಒಂದು ಜಾಗ ಮಾಡ್ತವ್ರಂತೆ. ಆಗ್ಲಿ, ಆದ್ ಮೇಲೆ ಬರ್ತೀನಿ."

"ಯಾವಾಗ ಆಗ್ತದೆ ಸಾರ್?" ಮುನಾವರ್ ಕೇಳಿದ.

"ನನ್ನೇನ್ ಕೇಳ್ತೀಯಪ್ಪ? ವರ್ಷಾನೋ, ಐದು ವರ್ಷಾನೋ."

ಮುನಾವರನ ಮುಖ ಬಿಳಿಚಿಕೊಂಡಿತು. ಅತ್ತ ದರಿ, ಇತ್ತ ಪುಲಿ ಎಂದು ನಾವೆಲ್ಲ ಸಲೀಸಾಗಿ ಆಡುವ ಮಾತಿದೆಯಲ್ಲ, ಸರ್ವಮಂಗಳ ಅದರ ನಡುವೆ ನಿಂತು ಬಾಯಿ ತೆರೆದಳು.

"ನಮ್ಮನೇಲಿ ಒಂದು ರೂಮಿದೆ ಸರ್. ಇಲ್ಲೇ ಸದಾಶಿವನಗರದಲ್ಲಿ. ಸಿಮೆಂಟ್ ನೆಲ, ನೀರು ಬೀಳಲ್ಲ, ಬೀಗ ಇದೆ. ನನ್ನ ಉಸ್ತುವಾರಿಯಲ್ಲಿ ಇಟ್ಕೊತೀನಿ."

ಓಬಳಯ್ಯ ಅವಳನ್ನು ಮೇಲಿಂದ ಕೆಳಗೆ ನೋಡಿದರು. "ಬರೆದುಕೊಡ್ತೀರಾ?"

ಬರೆದುಕೊಟ್ಟಳು. ಸಹಿಯ ಕೆಳಗೆ ಮನೆ ವಿಳಾಸ ಬರೆದಳು. ಮುನಾವರ್ ಅವಳ ಕಾಲಿಗೆ ಬೀಳಲು ಬಂದ, ಅವಳು ಹಿಂದಕ್ಕೆ ಸರಿದಳು.

ಆ ರೂಮು ಅವಳ ಗಂಡ ಚನ್ನವೀರಯ್ಯನವರದು. ಮಂಡಿಪೇಟೆಯಲ್ಲಿ ಕೊಬ್ಬರಿ ವ್ಯಾಪಾರ ಮಾಡುತ್ತಿದ್ದ ಅವರು ಹಿಂದೆ ಅದರಲ್ಲಿ ದಾಸ್ತಾನು ಇಡುತ್ತಿದ್ದರು. ಥೀಸಿಸ್ ಮುಗಿದ ಮೇಲೆ ಅದಕ್ಕೆ ಸುಣ್ಣ ಬಳಿಸಿ, ಕಿಟಕಿ ಇಡಿಸಿ, ಹೆಂಡತಿಗೆ ಓದುವ ಕೋಣೆ ಮಾಡಿಕೊಡುತ್ತೇನೆಂದು ಅವರಾಗಿಯೇ ಹೇಳಿದ್ದರು. ಮೊದಲ ಸೋಮವಾರ ಮುನಾವರ್ ಕಳಿಸಿದ ಆಟೋದಲ್ಲಿ ಎರಡು ಮೂಟೆ ಬಂದು ಇಳಿದಾಗ ಪಂಚೆ ಎತ್ತಿ ಕಟ್ಟಿಕೊಂಡು ಗೇಟಿಗೆ ಬಂದರು.

"ಏನೇ ಇದು?"

ಹೇಳಿದಳು.

"ಬೀದೀಲಿ ಹೋಗೋ ಮಾರೀನ ಮನೆಗೆ ಕರೆದ್ಳಂತೆ ಒಬ್ಬಳು! ಊರಿಗೆಲ್ಲ ಉಪಕಾರ ಮಾಡೋಕೆ ನೀನೊಬ್ಬಳೇ ಹುಟ್ಟಿದ್ದಾ? ಎಷ್ಟು ದಿನ ಇಟ್ಕೊಬೇಕು?"

"ಸರ್ಕಾರದ ಜಾಗ ಆಗೋವರೆಗೂ ರೀ."

"ಕೊಳೆತು ಹೋಗಲ್ವಾ ಅಷ್ಟರಲ್ಲಿ?"

"ಸಿಪ್ಪೆ ಕೊಳೀಬೋದು. ಕ್ರೋಮ್ ಕೊಳೆಯಲ್ಲ."

ಚನ್ನವೀರಯ್ಯ ಅವಳ ಮುಖ ನೋಡಿದರು. ಒಂದು ಮೂಟೆಯ ಕಿವಿ ಹಿಡಿದುಕೊಂಡರು.

ಥೀಸಿಸ್ಸು ಗಡುವಿಗೆ ನಾಲ್ಕು ದಿನ ಮೊದಲೇ ಹೋಯಿತು. ಎಂಟು ತಿಂಗಳ ಮೇಲೆ ವೈವಾ ಆಯಿತು. ಹೊರಗಿನಿಂದ ಬಂದಿದ್ದ ಪರೀಕ್ಷಕರು ಆ ಪುಟವನ್ನೇ ತೆರೆದು, ಸುರಕ್ಷಿತ ಜಾಗ ಅಂದಿದ್ದೀರಲ್ಲ, ಇದೆಯೇ ಅಂಥದ್ದು, ಎಂದು ಕೇಳಿದರು. ಇದೆ ಸರ್, ವ್ಯವಸ್ಥೆ ಮಾಡಿದೆ, ಅಂದಳು. ಅವರಿಗೆ ಬಹಳ ಮೆಚ್ಚಿಗೆಯಾಯಿತು. ಎಲ್ಲರೂ ನೀರಿನಲ್ಲಿ ನಿಲ್ಲಿಸುತ್ತಾರೆ, ಇವರು ಮುಂದಿನದನ್ನೂ ಯೋಚಿಸಿದ್ದಾರೆ ಎಂದು ಬರೆದರು. ದೊಡ್ಡರಂಗಯ್ಯ ಹೆಮ್ಮೆಯಿಂದ ಸ್ವೀಟು ಹಂಚಿದರು. ಅವಳು ತನ್ನ ಪಾಲನ್ನು ಕಾಗದದಲ್ಲಿ ಸುತ್ತಿ ಚೀಲಕ್ಕೆ ಹಾಕಿಕೊಂಡಳು.

ಶಕೀಲಾಳ ಕೈ ಮಾಯಿತು, ಗುರುತು ಉಳಿಯಿತು. ಸುಬ್ಬಲಕ್ಷ್ಮಮ್ಮನವರ ಒಸಡೂ ಸರಿಹೋಯಿತು. ಸರ್ವಮಂಗಳ ಮೂರು ಸಲ ಡಾಕ್ಟರ ಹತ್ತಿರ ಕರೆದುಕೊಂಡು ಹೋದಳು, ಇಲಿ ಪಾಷಾಣವೆಂದು ಡಾಕ್ಟರಿಗೂ ಹೇಳಿದಳು. ಮುದುಕಿ ಅವಳನ್ನು ಮಗಳೇ ಎಂದು ಕರೆಯತೊಡಗಿದರು. ಆ ಮಾತು ಕಿವಿಗೆ ಬಿದ್ದಾಗಲೆಲ್ಲ ಅವಳಿಗೆ ಎದ್ದು ಓಡಿಹೋಗಬೇಕೆನ್ನಿಸುತ್ತಿತ್ತು.

ಮೂಟೆಗಳು ಮಾತ್ರ ಬರುತ್ತಲೇ ಇದ್ದವು. ಸೋಮವಾರಕ್ಕೆ ಒಂದು, ಕೆಲಸ ಜಾಸ್ತಿಯಿದ್ದ ವಾರ ಎರಡು. ದೀಪಾವಳಿಯ ಹೊತ್ತಿಗೆ ರೂಮು ಸೂರಿನವರೆಗೂ ತುಂಬಿತು, ಆಮೇಲೆ ಬಂದವು ನಡುಮನೆಯ ಗೋಡೆಗೆ ಒರಗಿದವು. ಗುಬ್ಬಿಯ ತಮ್ಮನ ಹೊಲದಲ್ಲಿ ಹೂಳಿಬಿಡೋಣವೇ ಎಂದು ಒಂದು ಭಾನುವಾರ ಹೋಗಿ ನೋಡಿಬಂದಳು. ತಮ್ಮ, ಅದಕ್ಕೇನಕ್ಕ, ಗುಂಡಿ ತೆಗೆಸ್ತೀನಿ, ಅಂದ. ಅವನ ಹೆಂಡತಿ ಬಾವಿಯಿಂದ ನೀರು ಸೇದಿ ತಂದು ಕುಡಿಯಲು ಕೊಟ್ಟಳು. ಸರ್ವಮಂಗಳ ನೀರು ಕುಡಿದು, ಬೇಡ ಕಣೋ, ಅಂದು ಎದ್ದು ಬಂದಳು. ಗಂಡನಿಗೆ ತಿಳಿದವರೊಬ್ಬರು ಬಿದರೆಹಳ್ಳಿ ಕಾವಲಿನಲ್ಲಿ ಎಕರೆಗಟ್ಟಲೆ ಖಾಲಿ ಬಿದ್ದಿದೆ, ಸುರಿದು ಬನ್ನಿ, ಯಾರು ಕೇಳ್ತಾರೆ ಎಂದರು. ಅಲ್ಲಿ ದನ ಮೇಯುತ್ತಿದ್ದವು. ಎರಡು ಸಲ ಕಚೇರಿಗೆ ಪತ್ರ ಬರೆದಳು. ಜಾಗದ ವಿಷಯ ಮೇಲಿನವರ ಪರಿಶೀಲನೆಯಲ್ಲಿದೆ ಎಂದು ಉತ್ತರ ಬಂತು.

ರೂಮಿಗೆ ಬೀಗ ಹಾಕಿದ್ದರೂ ಮನೆ ಬಿಟ್ಟು ಎಲ್ಲಿಗೂ ಹೋಗುವಂತಿರಲಿಲ್ಲ. ಚನ್ನವೀರಯ್ಯ ತಮ್ಮ ಅಕ್ಕನ ಮಗಳ ಮದುವೆಗೆ ಒಬ್ಬರೇ ಹೋಗಿ ಬಂದರು. ಇವಳು ಇಲಿ ಮೂಟೆ ಕಡಿದಾವು, ಮಳೆ ಸೋರೀತು, ಕೆಲಸದವಳು ಒಂದು ಮಂಕರಿ ಸಿಪ್ಪೆ ಒಲೆಗೆಂದು ಒಯ್ದುಬಿಟ್ಟಾಳು ಎಂದು ಕಾವಲು ಕೂತಳು. ಡಾಕ್ಟರ್ ಸರ್ವಮಂಗಳ ಎಂದು ಗೇಟಿಗೆ ಫಲಕ ಬಂದಿತ್ತು. ಅದನ್ನು ನೋಡಿ ಕಾಯಿಲೆ ತೋರಿಸಲು ಬಂದವರನ್ನು ಚನ್ನವೀರಯ್ಯ, "ಈ ಡಾಕ್ಟ್ರು ಮೂಟೆಗಳಿಗೆ ಮಾತ್ರ ನೋಡೋದು ಕಣ್ರಪ್ಪ," ಎಂದು ನಗಿಸಿ ಕಳಿಸುತ್ತಿದ್ದರು. ಮೊದಮೊದಲು ಅವಳೂ ನಗುತ್ತಿದ್ದಳು.

ಮುಂದಿನ ಸಂಕ್ರಾಂತಿಗೆ ಸರಿಯಾಗಿ ಒಂದು ಬೆಳಿಗ್ಗೆ ಗೇಟು ಬಡಿದ ಸದ್ದಾಯಿತು. ಸೋಮವಾರವಾಗಿರಲಿಲ್ಲ. ಹೊರಗೆ ಇಬ್ಬರು ಅಪರಿಚಿತರು ನಿಂತಿದ್ದರು. ಒಬ್ಬ ವಯಸ್ಸಾದವನು, ಒಬ್ಬ ನಡುವಯಸ್ಸಿನವನು. ನಡುವಯಸ್ಸಿನವನ ಕೈಯಲ್ಲಿ ಸ್ವೀಟಿನ ಡಬ್ಬ ಇತ್ತು.

"ನಮಸ್ಕಾರ ಡಾಕ್ಟ್ರಮ್ಮ," ಅಂದ ವಯಸ್ಸಾದವನು. "ನನ್ ಹೆಸ್ರು ಕಾಳಯ್ಯ ಅಂತ. ಇವ್ರು ಸಾದಿಕ್ ಸಾಬ್ರು. ಕುಣಿಗಲ್ಲಿಂದ ಬಂದ್ವಿ. ನಮ್ದೂ ಪ್ಲೇಟಿಂಗೇ. ಓಬಳಯ್ಯ ಸಾಹೇಬ್ರು ನಿಮ್ ಹೆಸ್ರು ಹೇಳಿದ್ರು. ಮುನಾವರ್ ಸಾಬ್ರ ಅಂಗ್ಡಿಲಿ ಡ್ರಮ್ ನೋಡ್ಕೊಂಡ್ ಹೋಗಿ ಹಂಗೇ ಹಾಕ್ಸಿದೀವಿ. ನೀರು ಪಸ್ಟ್ ಕ್ಲಾಸ್ ಬರ್ತಾ ಐತೆ ತಾಯಿ, ನಿಮ್ ಹೊಟ್ಟೆ ತಣ್ಣಗಿರ್ಲಿ."

ಅವಳಿಗೆ ಒಂದು ಗಳಿಗೆ ನಿಜವಾಗಿಯೂ ಸಂತೋಷವಾಯಿತು. ಕುಣಿಗಲ್ಲಿನಲ್ಲೂ ಯಾವುದೋ ಮೋರಿಯಲ್ಲಿ ಹಳದಿ ಹರಿಯುವುದು ನಿಂತಿತ್ತು, ಯಾರದೋ ಬೋರ್‌ವೆಲ್ಲು ಉಳಿಯಿತು. ಏಳು ವರ್ಷ ಅವಳು ಬಯಸಿದ್ದು ಅದನ್ನೇ.

"ಒಳ್ಳೇದಾಯ್ತು," ಅಂದಳು. "ಬನ್ನಿ, ಕೂತ್ಕೊಳಿ."

"ಕೂರೋಕಿಲ್ಲ ತಾಯಿ, ಗಾಡಿ ಬಾಡ್ಗೇದು." ಕಾಳಯ್ಯ ಪಕ್ಕಕ್ಕೆ ಸರಿದ. ಅವನ ಹಿಂದೆ ರಸ್ತೆಯಲ್ಲಿ ಒಂದು ಟೆಂಪೊ ನಿಂತಿತ್ತು, ಟಾರ್ಪಾಲು ಬಿಚ್ಚಿತ್ತು. "ಹಳೇ ಸಿಪ್ಪೆ ನೀವೇ ಇಟ್ಕೊತೀರಂತಲ್ಲ. ಸಾಹೇಬ್ರು ಅಂದ್ರು, ಅದೊಂದು ತಲೆನೋವು ಇಲ್ಲ, ಮೇಡಂ ಬರೆದುಕೊಟ್ಟವ್ರೆ, ಅಲ್ಲಿಗೇ ಹಾಕಿ ಅಂತ. ನಮ್ ಹೆಂಗಸ್ರು ಒಲೆಗೆ ಕೊಡಿ ಅಂತ ಒಂದೇ ಸಮ ಜೀವ ತಿಂತಾವ್ರೆ. ಬ್ಯಾಡ ಕಣ್ರೇ, ಡಾಕ್ಟ್ರಮ್ಮ ತಗೋತಾರೆ ಅಂತ ತಡೆದು ಇಟ್ಟಿದ್ದೆ."

ಸರ್ವಮಂಗಳ ಎಣಿಸಿದಳು. ಹದಿನೇಳು ಮೂಟೆ. ಆಗಲ್ಲ, ಜಾಗವಿಲ್ಲ, ವಾಪಸ್ ಒಯ್ಯಿರಿ ಎನ್ನುವ ಮಾತು ನಾಲಿಗೆಯ ತುದಿಗೆ ಬಂದಿತ್ತು. ಒಯ್ದರೆ ಅವು ಎಲ್ಲಿಗೆ ಹೋಗುತ್ತವೆ ಎಂದು ಅವಳಿಗಿಂತ ಚೆನ್ನಾಗಿ ಬಲ್ಲವರು ಯಾರಿದ್ದರು? ಸಾದಿಕ್ ಸ್ವೀಟಿನ ಡಬ್ಬವನ್ನು ಎರಡೂ ಕೈಯಲ್ಲಿ ಹಿಡಿದು ನಿಂತಿದ್ದ. ತಿರುಗಿ ನೋಡಿದಳು. ಚನ್ನವೀರಯ್ಯ ಹಣೆಗೆ ವಿಭೂತಿ ಹಚ್ಚಿಕೊಳ್ಳುತ್ತಿದ್ದವರು ಅರ್ಧಕ್ಕೇ ಬಂದು ಬಾಗಿಲಲ್ಲಿ ನಿಂತು, ಟೆಂಪೊವನ್ನೂ ಹೆಂಡತಿಯ ಬೆನ್ನನ್ನೂ ನೋಡುತ್ತಿದ್ದರು. ಒಳಗೆ ಹೋದರು.

ಸ್ವಲ್ಪ ಹೊತ್ತಿನಲ್ಲಿ ಮಲಗುವ ಕೋಣೆಯಿಂದ ಮಂಚ ಹೊರಕ್ಕೆ ಎಳೆಯುವ ಸದ್ದು ಕೇಳಿಸಿತು.